ಹಾರರ್ ಸಿನಿಮಾಗಳಲ್ಲಿ ಅತ್ಯುತ್ತಮ ಯಾವುದು? ಎಲ್ಲರೂ ‘ದಿ ಎಕ್ಸಾರ್ಸಿಸ್ಟ್’ ಎಂದೇ ಯಾಕೆ ಹೇಳುತ್ತಾರೆ?

ಹಾಗೆ ಹೇಳುವುದಕ್ಕೆ ಕಾರಣ ಇದೆ. 1973ರ ‘ದಿ ಎಕ್ಸಾರ್ಸಿಸ್ಟ್’ ಆಸ್ಕರ್‌ನ ಅತ್ಯುತ್ತಮ ಚಿತ್ರ ಪ್ರಶಸ್ತಿಗೆ ನಾಮನಿರ್ದೇಶನ ಪಡೆದ ಮೊದಲ ಹಾರರ್ ಸಿನಿಮಾ. ಹಿಚ್‌ಕಾಕ್ ಅವರ ‘ಸೈಕೋ’ (1960) ಕೂಡ ಪಟ್ಟಿಯಲ್ಲಿ ಇರಲೇಬೇಕು. ನಾಯಕಿ ಎಂದುಕೊಂಡವಳೇ ಅರ್ಧದಾರಿಯಲ್ಲಿ ಸತ್ತರೆ ನೋಡುವವರು ಯಾರನ್ನು ನಂಬಬೇಕು ಹೇಳಿ?

ಆದರೆ ನನ್ನ ಮತ ಜಾನ್ ಕಾರ್ಪೆಂಟರ್ ಅವರ ‘ದಿ ಥಿಂಗ್’ಗೆ (1982). ಅಂಟಾರ್ಕ್ಟಿಕಾದ ಒಂದು ಸಂಶೋಧನಾ ಕೇಂದ್ರ. ಅಲ್ಲಿ ಸೇರಿಕೊಂಡ ಜೀವಿ ಯಾರ ರೂಪವನ್ನಾದರೂ ತಾಳಬಲ್ಲದು. ಹೊರಗೆ ಹಿಮ, ಒಳಗೆ ಅನುಮಾನ. ಅದರಲ್ಲಿ ರಕ್ತಪರೀಕ್ಷೆಯ ದೃಶ್ಯ ಒಂದಿದೆ. ಯಾರು ಮನುಷ್ಯ, ಯಾರು ಆ ಜೀವಿ ಎಂದು ತಿಳಿಯಲು ಎಲ್ಲರ ರಕ್ತವನ್ನೂ ಬೇರೆ ಬೇರೆ ತಟ್ಟೆಗೆ ಹಾಕಿ, ಕಾಯಿಸಿದ ತಂತಿಯನ್ನು ಒಂದೊಂದಕ್ಕೇ ತಾಗಿಸುತ್ತಾರೆ. ಪರೀಕ್ಷೆಯಲ್ಲಿ ಗೆದ್ದವನ ಮುಖದಲ್ಲೂ ನೆಮ್ಮದಿ ಇರುವುದಿಲ್ಲ, ಯಾಕೆಂದರೆ ಪಕ್ಕದವನ ಸರದಿ ಇನ್ನೂ ಬಾಕಿ. ಇಷ್ಟು ಬಿಗಿಯಾದ ದೃಶ್ಯವನ್ನು ನಾನು ಬೇರೆಲ್ಲೂ ನೋಡಿಲ್ಲ. ಸ್ಪೆಷಲ್ ಎಫೆಕ್ಟ್ಸ್ ಕಲಾವಿದ ರಾಬ್ ಬಾಟಿನ್ ಅವರ ತಂಡ ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲದೆ, ರಬ್ಬರ್, ಯಂತ್ರಗಳನ್ನು ಬಳಸಿ ಕಟ್ಟಿದ ಆ ಜೀವಿ ಇಂದಿಗೂ ಹಳತು ಅನ್ನಿಸುವುದಿಲ್ಲ.

ಬಿಡುಗಡೆಯಾದಾಗ ವಿಮರ್ಶಕರು ಇದನ್ನು ಬೈದರು, ಗಳಿಕೆಯೂ ಕಮ್ಮಿ. ಅದೇ ತಿಂಗಳು ಬಂದ ‘ಇ.ಟಿ.’ಯ ಮುದ್ದು ಅನ್ಯಲೋಕದ ಜೀವಿಯನ್ನು ಜನ ತುಂಬಾ ಮೆಚ್ಚಿದ್ದರು. ಆಮೇಲೆ ಮನೆಯಲ್ಲಿ ವಿಡಿಯೋ ಹಾಕಿಕೊಂಡು ನೋಡಿದವರೇ ಇದನ್ನು ಮೇಲಕ್ಕೆತ್ತಿದರು. ಹಾಗಾಗಿ ಬರೀ ಪ್ರಶಸ್ತಿ, ಗಳಿಕೆ ನೋಡಿ ಹಾರರ್ ಸಿನಿಮಾದ ಸ್ಥಾನ ನಿರ್ಧರಿಸುವುದನ್ನು ನಾನು ಒಪ್ಪುವುದಿಲ್ಲ.