ಲಾಲ್‌ಬಾಗ್ ಹಳೆಯದೋ, ಕಬ್ಬನ್ ಪಾರ್ಕೋ?

ಬೆಂಗಳೂರಿನ ಅತಿ ಹಳೆಯ ಪಾರ್ಕ್ ಯಾವುದು, ಲಾಲ್‌ಬಾಗಾ ಕಬ್ಬನ್ ಪಾರ್ಕಾ ಅಂತ ಕೇಳಿದ್ದೀರಿ. ತೋಟದ ವಯಸ್ಸು ನೋಡಿದರೆ ಲಾಲ್‌ಬಾಗೇ ಹಿರಿದು. 1760ರಲ್ಲಿ ಹೈದರಾಲಿ ಶುರು ಮಾಡಿಸಿದ್ದು, ಟಿಪ್ಪು ಬೆಳೆಸಿದ್ದು. ಆದರೆ ಅದು ಆಗ ಅರಸರ ತೋಟ, ಊರಿನವರದ್ದಲ್ಲ. 1856ರಲ್ಲಿ ಸರ್ಕಾರಿ ಸಸ್ಯತೋಟವಾಯಿತು. ಗಾಜಿನ ಮನೆ ಬಂದಿದ್ದು ಆಮೇಲೆ, 1889ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದರು.

ಹುಟ್ಟಿದಾಗಿನಿಂದಲೇ ಜನರ ಪಾರ್ಕ್ ಅಂದರೆ ಕಬ್ಬನ್ ಪಾರ್ಕ್. 1870ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಇದನ್ನು ಮಾಡಿಸಿದರು. ಮೊದಲ ಹೆಸರು ಮೀಡ್ಸ್ ಪಾರ್ಕ್. ಆಮೇಲೆ ಮೈಸೂರಿನ ಬ್ರಿಟಿಷ್ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವರ ಹೆಸರು ಬಂತು. ಆದರೆ ಕಬ್ಬನ್ 1861ರಲ್ಲೇ ತೀರಿಕೊಂಡಿದ್ದರು, ಅವರು ಈ ಪಾರ್ಕನ್ನು ನೋಡಲೇ ಇಲ್ಲ! 1927ರಲ್ಲಿ ಶ್ರೀ ಚಾಮರಾಜೇಂದ್ರ ಪಾರ್ಕ್ ಅಂತ ಹೆಸರು ಬದಲಾಯಿತು, ಜನರ ಬಾಯಲ್ಲಿ ಮಾತ್ರ ಕಬ್ಬನ್ ಪಾರ್ಕೇ ಉಳಿಯಿತು.

ನನ್ನನ್ನು ಕೇಳಿದರೆ ಲಾಲ್‌ಬಾಗಿನ ಬಂಡೆಯನ್ನು ತಪ್ಪದೆ ನೋಡಿ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು ಅದು, ಮೇಲೆ ಕೆಂಪೇಗೌಡರ ಗೋಪುರವಿದೆ. ಬೇಸಿಗೆ ಸಂಜೆ ಸುಮ್ನೆ ಅದರ ಮೇಲೆ ಅಂಗೈ ಇಟ್ಟು ನೋಡಿ, ಬಿಸಿಲು ಇಳಿದ ಮೇಲೂ ಕಲ್ಲು ಬೆಚ್ಚಗಿರುತ್ತದೆ. ನಾನು ಹೋದಾಗೆಲ್ಲ ಹಾಗೆ ಮಾಡುತ್ತೇನೆ.