ಅವಳಿ ಬೇಕೆಂದು ಬಂದವರು: ಒಂದು ಆಪ್ತಸಲಹೆ ಪ್ರಕರಣ

ಈ ಕುಟುಂಬದ ಗುರುತು ಸಿಗದಂತೆ ಹೆಸರು, ಊರು, ಉದ್ಯೋಗಗಳನ್ನು ಬದಲಿಸಿದ್ದೇನೆ. ಸುಮಾ ಎಂದು ಇಲ್ಲಿ ಕರೆದಿರುವ ಮಹಿಳೆಗೆ 36 ವರ್ಷ. 9 ವರ್ಷದ ಮಗಳಿದ್ದಾಳೆ, ಮುಟ್ಟು 28-30 ದಿನಗಳಿಗೆ ತಪ್ಪದೆ ಬರುತ್ತದೆ. ಗಂಡ ಮತ್ತು ಅತ್ತೆಯ ಜೊತೆ ಬಂದ ಅವರು ಕುಳಿತ ಕೂಡಲೇ ಕೇಳಿದ ಪ್ರಶ್ನೆ ಒಂದೇ: "ಅವಳಿ ಆಗಬೇಕಾದರೆ ಏನು ಮಾಡಬೇಕು, ಮೇಡಂ?"

ಎರಡು ವರ್ಷಗಳ ಹಿಂದೆ ಅವರ ವಾರಗಿತ್ತಿಗೆ ಐವಿಎಫ್ ಚಿಕಿತ್ಸೆಯಿಂದ ಅವಳಿ ಮಕ್ಕಳಾಗಿದ್ದವು, ಒಂದು ಗಂಡು, ಒಂದು ಹೆಣ್ಣು. ಅಂದಿನಿಂದ ಮನೆಯಲ್ಲಿ ಅದೇ ಮಾತು. ಒಂದೇ ಬಸಿರಿನಲ್ಲಿ ಎರಡು ಮಕ್ಕಳಾದರೆ ಅದರಲ್ಲಿ ಒಂದಾದರೂ ಗಂಡಾಗುತ್ತದೆ, ಮತ್ತೆ ಬಸಿರಿನ ಮಾತಿರುವುದಿಲ್ಲ ಎಂಬುದು ಅತ್ತೆಯವರ ಲೆಕ್ಕ. ಗಂಡ ಮೊಬೈಲಿನಲ್ಲಿ ಓದಿದ್ದನ್ನು ನಂಬಿ ವಾರಕ್ಕೆರಡು ಬಾರಿ ಸಂತೆಯಿಂದ ಸುವರ್ಣಗೆಡ್ಡೆ ತರುತ್ತಿದ್ದರು. ಗರ್ಭಿಣಿಯರು ಮುಟ್ಟಬಾರದೆಂದು ಹಿರಿಯರು ಹೇಳುವ ಜೋಡಿ ಬಾಳೆಹಣ್ಣನ್ನು ಅತ್ತೆಯವರು ಹುಡುಕಿ ತಂದು ಸೊಸೆಗೆ ತಿನ್ನಿಸಿದ್ದರು. ಇವುಗಳಿಂದ ಕೆಡುಕೇನೂ ಆಗಿರಲಿಲ್ಲ. ಆತಂಕದ ಸಂಗತಿ ಸುಮಾ ಅವರ ಕೈಚೀಲದಲ್ಲಿತ್ತು.

ಮಿಕ್ಕವರನ್ನು ಹೊರಗೆ ಕೂರಿಸಿ ಅವರೊಬ್ಬರೊಡನೆ ಮಾತನಾಡುವಾಗ ಅವರು ಕರವಸ್ತ್ರದ ಗಂಟು ಬಿಚ್ಚಿ ಮಾತ್ರೆಯ ಹಾಳೆಯೊಂದನ್ನು ಮೇಜಿನ ಮೇಲಿಟ್ಟರು. ಐದು ಗುಳಿಗಳು ಖಾಲಿಯಾಗಿದ್ದವು. ಅದು ಕ್ಲೋಮಿಫೀನ್, ಅಂದರೆ ಅಂಡೋತ್ಪತ್ತಿ ಸರಿಯಾಗಿ ಆಗದವರಿಗೆ ವೈದ್ಯರು ಬರೆದುಕೊಡುವ ಮಾತ್ರೆ. ಪಕ್ಕದ ಮನೆಯವರೊಬ್ಬರು ತಮಗೆ ಬರೆದುಕೊಟ್ಟದ್ದರಲ್ಲಿ ಉಳಿದದ್ದನ್ನು ಕೊಟ್ಟಿದ್ದರು, ಮುಂದಿನ ತಿಂಗಳಿಗೆ ಸುಮಾ ತಾವೇ ಔಷಧದ ಅಂಗಡಿಯಿಂದ ತಂದಿದ್ದರು. ಹೀಗೆ ಎರಡು ತಿಂಗಳು ನುಂಗಿದ್ದರು. ಸ್ಕ್ಯಾನ್ ಆಗಿರಲಿಲ್ಲ, ಗಂಡನಿಗೂ ತಿಳಿಸಿರಲಿಲ್ಲ. "ಸಂಜೆ ಹೊತ್ತು ಕಣ್ಣ ಮುಂದೆ ಮಿಂಚಿದ ಹಾಗೆ ಆಗ್ತದೆ" ಎಂದರು. ದೃಷ್ಟಿಯ ತೊಂದರೆ ಈ ಔಷಧದ ಗೊತ್ತಿರುವ ಅಡ್ಡಪರಿಣಾಮ, ಅದು ಕಂಡ ಕೂಡಲೇ ಮಾತ್ರೆ ನಿಲ್ಲಿಸಬೇಕು. ನಾನು ಆಪ್ತಸಲಹೆಗಾರ್ತಿಯೇ ಹೊರತು ವೈದ್ಯೆಯಲ್ಲ. ಆದ್ದರಿಂದ ಮಾತು ಅಲ್ಲಿಗೇ ನಿಲ್ಲಿಸಿ, ಅವರನ್ನು ಅಂದೇ ಸ್ತ್ರೀರೋಗ ತಜ್ಞರ ಬಳಿಗೆ ಕಳುಹಿಸಿದೆ. ಒಂದು ಅಂಡಾಶಯದಲ್ಲಿ ಚಿಕ್ಕ ನೀರುಗುಳ್ಳೆ ಕಂಡಿತು. ಮಾತ್ರೆ ನಿಂತಿತು, ಕಣ್ಣಿನ ಪರೀಕ್ಷೆಯೂ ಆಯಿತು.

ಮುಂದಿನ ವಾರ ಮೂವರನ್ನೂ ಒಟ್ಟಿಗೆ ಕೂರಿಸಿಕೊಂಡೆ. ಮಾತ್ರೆಯ ವಿಷಯವನ್ನು ಗಂಡನಿಗೂ ಅತ್ತೆಗೂ ಹೇಳಲು ಸುಮಾ ತಾವೇ ಒಪ್ಪಿದ್ದರು, ತಾವೇ ಹೇಳಿದರು.

ಅತ್ತೆಯವರು ಮೊದಲು ಮುಂದಿಟ್ಟದ್ದು ತಮ್ಮ ತವರಿನ ವಿಚಾರ. ಅವರ ಇಬ್ಬರು ತಮ್ಮಂದಿರು ಅವಳಿಗಳು. "ನಮ್ಮ ವಂಶದಾಗ ಐತಿ, ನನ್ನ ಮಗನ ಮನಿಯೊಳಗೂ ಬರಬೇಕು" ಎಂಬುದು ಅವರ ವಾದ. ಇಬ್ಬರೂ ಒಂದೇ ತರಹ ಇದ್ದರೇ ಎಂದು ಕೇಳಿದೆ. ಒಬ್ಬ ಎತ್ತರದ ಆಳು, ಎಣ್ಣೆಗೆಂಪು ಬಣ್ಣ, ಇನ್ನೊಬ್ಬ ಗಿಡ್ಡ, ಗುಂಗುರು ಕೂದಲು ಎಂದರು. ಹಾಗಾದರೆ ಅವರು ಒಂದೇ ಅಂಡ ಸೀಳಿ ಆದ ತದ್ರೂಪಿ ಅವಳಿಗಳಲ್ಲ, ಒಂದೇ ತಿಂಗಳಲ್ಲಿ ಬಲಿತ ಎರಡು ಅಂಡಗಳು ಎರಡು ಬೇರೆ ವೀರ್ಯಾಣುಗಳನ್ನು ಕೂಡಿ ಹುಟ್ಟಿದವರು. ತದ್ರೂಪಿ ಅವಳಿಗಳು ಜಗತ್ತಿನ ಯಾವ ಭಾಗದಲ್ಲಾದರೂ ಸಾವಿರ ಹೆರಿಗೆಗೆ ಸುಮಾರು 4ರಂತೆ ಹುಟ್ಟುತ್ತಾರೆ, ಅದು ಮನೆತನದಲ್ಲಿ ಹರಿದುಬರುವುದು ತೀರಾ ಅಪರೂಪ. ಎರಡು ಅಂಡದ ಅವಳಿ ಹಾಗಲ್ಲ, ಅದರ ಒಲವು ನಿಜಕ್ಕೂ ರಕ್ತಸಂಬಂಧದಲ್ಲಿ ಬರುತ್ತದೆ. 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಅದಕ್ಕೆ ಸಂಬಂಧಿಸಿದ ಎರಡು ವಂಶವಾಹಿ ತಾಣಗಳನ್ನು ಗುರುತಿಸಿತು. ಅವುಗಳಲ್ಲಿ ಒಂದು, ಅಂಡವನ್ನು ಬಲಿಸುವ ಎಫ್‌ಎಸ್‌ಎಚ್ ಹಾರ್ಮೋನಿಗೆ ನೇರವಾಗಿ ಸೇರಿದ್ದು.

ಆದರೆ ಎರಡು ಅಂಡ ಬಿಡುವ ಕೆಲಸ ಹೆಂಗಸಿನ ಅಂಡಾಶಯದ್ದು. ಸುಮಾ ಅವರ ಅಂಡಾಶಯಕ್ಕೆ ಅತ್ತೆಯ ತವರಿನ ರಕ್ತ ಸೇರಿಲ್ಲ. ಗಂಡ ಆ ಒಲವನ್ನು ತನ್ನ ತಾಯಿಯಿಂದ ಪಡೆದಿರಬಹುದು, ಆದರೆ ಹೆಂಡತಿಯ ಬಸಿರಿನಲ್ಲಿ ಅದು ಏನೂ ಮಾಡದು. ಅದನ್ನು ಮಗಳಿಗೆ ದಾಟಿಸಬಲ್ಲರು, ಅಷ್ಟೆ. ಇದನ್ನು ಕೇಳಿ ಅತ್ತೆಯವರು ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರ ನನ್ನ ತವರಿಂದು ಏನಾದ್ರೂ ಇದ್ರ ಮೊಮ್ಮಗಳ ಹತ್ರ ಐತಿ" ಎಂದರು. ಗಂಡು ಮಗುವಿನ ಚಿಂತೆಯಲ್ಲಿ ಆ ಮನೆಯವರ ಕಣ್ಣಿಗೆ ಬೀಳದೇ ಹೋಗಿದ್ದ ಹುಡುಗಿಯ ಮಾತು ಹಾಗೆ ಬಂದದ್ದು ನನಗೆ ನೆಮ್ಮದಿ ತಂದಿತು. ಸುಮಾ ಅವರ ತಾಯಿ, ಅಕ್ಕತಂಗಿಯರು, ತಾಯಿಯ ಕಡೆಯವರು ಯಾರಿಗೂ ಅವಳಿ ಮಕ್ಕಳಾದ ಉದಾಹರಣೆ ಇರಲಿಲ್ಲ. ತಾಯಿಗೋ ಅಕ್ಕತಂಗಿಗೋ ಎರಡು ಅಂಡದ ಅವಳಿಗಳಾಗಿದ್ದರೆ ಸಾಧ್ಯತೆ ಸುಮಾರು ಇಮ್ಮಡಿ ಎನ್ನಬಹುದು.

ಆ ತಮ್ಮಂದಿರು ಹುಟ್ಟಿದಾಗ ತಾಯಿಗೆ ಎಷ್ಟು ವಯಸ್ಸಾಗಿತ್ತು ಎಂದು ಕೇಳಿದೆ. ಮೂವತ್ತೇಳೋ ಮೂವತ್ತೆಂಟೋ ಇರಬೇಕು, ಅದು ಆರನೆಯ ಹೆರಿಗೆ ಎಂದರು. ಅವಳಿಯ ಸಾಧ್ಯತೆಯನ್ನು ಹೆಚ್ಚಿಸುವ ಮೂರು ಸಂಗತಿಗಳು ಆ ತಾಯಿಯಲ್ಲಿ ಕೂಡಿದ್ದವು: ಮನೆತನದ ಒಲವು ಇದ್ದಿರಬೇಕು, ವಯಸ್ಸು 35 ದಾಟಿತ್ತು, ಹಿಂದೆ ಐದು ಹೆರಿಗೆಗಳಾಗಿದ್ದವು. ವಯಸ್ಸಿನ ವಿಚಾರವನ್ನು ಬಿಡಿಸಿ ಹೇಳಬೇಕಾಯಿತು, ಏಕೆಂದರೆ ಸುಮಾ ಅದನ್ನು ಒಳ್ಳೆಯ ಸುದ್ದಿ ಎಂದು ಭಾವಿಸಿದರು. ವಯಸ್ಸಾದಂತೆ ಅಂಡಾಶಯದಲ್ಲಿ ಅಂಡಗಳ ಸಂಖ್ಯೆ ಇಳಿಯುತ್ತದೆ, ಅಂಡಾಶಯ ಮೊದಲಿನಂತೆ ಮರುದನಿ ಕೊಡದಿದ್ದಾಗ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್ ಅನ್ನು ಇನ್ನಷ್ಟು ಸುರಿಸುತ್ತದೆ, ಆ ಹೆಚ್ಚಿನ ಒತ್ತಡಕ್ಕೆ ಕೆಲವು ತಿಂಗಳು ಒಂದರ ಬದಲು ಎರಡು ಅಂಡಗಳು ಬಲಿಯುತ್ತವೆ. ಹಾಗಾಗಿ 35ರಿಂದ 39ರ ನಡುವೆ ಇಂಥ ಅವಳಿಗಳು ಅತಿ ಹೆಚ್ಚು. ಆದರೆ ಅದೇ ವಯಸ್ಸಿನಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಕಡಿಮೆಯಾಗುತ್ತದೆ, ಗರ್ಭಪಾತದ ಸಾಧ್ಯತೆ ಏರುತ್ತದೆ.

ಎತ್ತರದ ಹೆಂಗಸರಲ್ಲಿ, ತೂಕ ಬಹಳ ಹೆಚ್ಚಿರುವವರಲ್ಲಿ ಅವಳಿಗಳು ತುಸು ಹೆಚ್ಚು. ಅದಕ್ಕಾಗಿ ಮೈ ಬೆಳೆಸಿಕೊಳ್ಳುವುದು ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಬಾಗಿಲು ತೆರೆದಂತೆ. ಗೆಡ್ಡೆಯ ಮಾತು ಬಂದದ್ದು ನೈಜೀರಿಯಾದಿಂದ. ಅಲ್ಲಿನ ಯೊರುಬಾ ಜನರಲ್ಲಿ, ಇಗ್ಬೊ-ಒರಾ ಎಂಬ ಊರಿನಲ್ಲಂತೂ, ಸಾವಿರ ಹೆರಿಗೆಗೆ 40ಕ್ಕೂ ಹೆಚ್ಚು ಅವಳಿಗಳು ಹುಟ್ಟುತ್ತವೆ. ಭಾರತವೂ ಸೇರಿ ಏಷ್ಯಾದ ಹೆಚ್ಚಿನ ಕಡೆ ಅದರ ಕಾಲು ಭಾಗದಷ್ಟೂ ಇಲ್ಲ. ಅಲ್ಲಿನವರು ಅದಕ್ಕೆ ತಾವು ತಿನ್ನುವ ಗೆಡ್ಡೆಯೇ ಕಾರಣವೆನ್ನುತ್ತಾರೆ, ಆದರೆ ಅದು ಸಾಬೀತಾಗಿಲ್ಲ, ಮೇಲಾಗಿ ಆ ಗೆಡ್ಡೆ ನಮ್ಮ ಸುವರ್ಣಗೆಡ್ಡೆಯೂ ಅಲ್ಲ. ಜೋಡಿ ಬಾಳೆಹಣ್ಣಿಗೂ ಅಂಡಾಶಯಕ್ಕೂ ಸಂಬಂಧವೇ ಇಲ್ಲ.

ಹೀಗೆ ವಂಶ, ವಯಸ್ಸು, ಎತ್ತರ, ಹಿಂದಿನ ಹೆರಿಗೆಗಳು ಯಾವುವೂ ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದು ಔಷಧವೊಂದೇ, ಅದನ್ನು ಅವಳಿಗಾಗಿ ಬಳಸಲೇಬಾರದು. ಕ್ಲೋಮಿಫೀನ್ ತೆಗೆದುಕೊಂಡು ಗರ್ಭಿಣಿಯಾದವರಲ್ಲಿ ನೂರಕ್ಕೆ 5ರಿಂದ 10 ಮಂದಿಗೆ ಅವಳಿಯಾಗುತ್ತದೆ, ಚುಚ್ಚುಮದ್ದಿನ ಹಾರ್ಮೋನುಗಳಲ್ಲಿ ಇದು ಇನ್ನೂ ಹೆಚ್ಚು. ಆದರೆ ಮಾತ್ರೆಗೆ ಎರಡಕ್ಕೇ ನಿಲ್ಲಬೇಕೆಂಬ ನಿಯಮವಿಲ್ಲ. ಎಷ್ಟು ಅಂಡ ಬಲಿಯುತ್ತಿವೆ ಎಂದು ವೈದ್ಯರು ಸ್ಕ್ಯಾನ್ ಮಾಡಿ ನೋಡುವುದು ಆ ಕಾರಣಕ್ಕೇ. ವಾರಗಿತ್ತಿಯ ಅವಳಿಗಳಾದದ್ದು ಒಮ್ಮೆಗೇ ಎರಡು ಭ್ರೂಣಗಳನ್ನು ಗರ್ಭಕೋಶಕ್ಕೆ ಸೇರಿಸಿದ್ದರಿಂದ. ಅವಳಿ ಬಸಿರಿನ ಅಪಾಯವನ್ನು ಅರಿತು ಈಗ ಸಾಧ್ಯವಾದಲ್ಲೆಲ್ಲ ಒಂದೇ ಭ್ರೂಣ ಸೇರಿಸುವ ಪದ್ಧತಿ ಬಲಗೊಳ್ಳುತ್ತಿದೆ.

ಅಪಾಯ ಎಂದಾಗ ಗಂಡನಿಗೆ ನಂಬಿಕೆ ಬರಲಿಲ್ಲ, ಅಣ್ಣನ ಮಕ್ಕಳು ಚೆನ್ನಾಗಿಯೇ ಇದ್ದಾವಲ್ಲ ಎಂದರು. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ, ತಾಯಿಗೆ ರಕ್ತದೊತ್ತಡ, ರಕ್ತಹೀನತೆ, ಹೆರಿಗೆಯ ನಂತರದ ರಕ್ತಸ್ರಾವ ಹೆಚ್ಚು ಎಂದು ನಾನು ಹೇಳುತ್ತಿರುವಾಗ ಅತ್ತೆಯವರೇ ನಡುವೆ ಮಾತು ತೆಗೆದರು. ಚಿಕ್ಕ ತಮ್ಮನನ್ನು ಅರಳೆಯಲ್ಲಿ ಸುತ್ತಿ ಒಲೆಯ ಪಕ್ಕದಲ್ಲಿ ಮಲಗಿಸುತ್ತಿದ್ದರಂತೆ. ಹೆರಿಗೆಯಾದ ರಾತ್ರಿ ಅವರ ತಾಯಿಗೆ ರಕ್ತ ನಿಲ್ಲದೆ, ಚಕ್ಕಡಿಯಲ್ಲಿ ತಾಲ್ಲೂಕಿನ ಆಸ್ಪತ್ರೆಗೆ ಒಯ್ದರಂತೆ. ಹಾಸಿದ್ದ ಕೌದಿಯನ್ನು ಆಮೇಲೆ ತೊಳೆಯಲಾಗದೆ ಸುಟ್ಟರಂತೆ. "ಅವ್ವ ಉಳಿದಿದ್ದೇ ಹೆಚ್ಚು" ಎಂದು ಹೇಳಿ ಸೊಸೆಯ ಕೈ ಹಿಡಿದುಕೊಂಡರು. ಅದರ ನಂತರ ನಾನು ಅಪಾಯದ ಪಟ್ಟಿ ಮುಂದುವರಿಸಲಿಲ್ಲ.

ಗಂಡು ಮಗುವಿನ ಮಾತು ಉಳಿದಿತ್ತು. ಎರಡು ಅಂಡದ ಅವಳಿಗಳಲ್ಲಿ ಒಂದು ಗಂಡು ಒಂದು ಹೆಣ್ಣು ಆಗುವುದು ಸುಮಾರು ಅರ್ಧದಷ್ಟು ಮಾತ್ರ. ಮಿಕ್ಕ ಅರ್ಧದಲ್ಲಿ ಎರಡೂ ಗಂಡೋ ಎರಡೂ ಹೆಣ್ಣೋ ಆಗುತ್ತವೆ. ಪ್ರತಿ ಮಗುವಿನ ಲಿಂಗ ಅದರದರದೇ, ಅದನ್ನು ನಿರ್ಧರಿಸುವುದು ತಂದೆಯ ವೀರ್ಯಾಣು. ಚೌಕಾಬಾರದ ಕವಡೆಗೆ ಹಿಂದಿನ ಆಟದ ನೆನಪಿರುವುದಿಲ್ಲವಲ್ಲ, ಹಾಗೆ ಎಂದೆ. ಲಿಂಗ ಆರಿಸಿಕೊಳ್ಳುವುದಾಗಲಿ ಪತ್ತೆ ಮಾಡಿಸುವುದಾಗಲಿ 1994ರ ಕಾಯಿದೆಯ ಪ್ರಕಾರ ಅಪರಾಧ ಎಂಬುದನ್ನೂ ಸ್ಪಷ್ಟವಾಗಿ ತಿಳಿಸಿದೆ. ಬಳಿಕ ಸುಮಾ ಮೊದಲ ಬಾರಿಗೆ ಅತ್ತೆಯ ಎದುರಿನಲ್ಲಿ ಹೇಳಿದರು: "ನನಗೆ ಇನ್ನೊಂದು ಮಗು ಬೇಕು. ಯಾವುದಾದರೂ ಸರಿ. ಎರಡು ಬೇಕು ಅಂದಿದ್ದು ಮತ್ತೆ ಮತ್ತೆ ಕೇಳಿಸಿಕೊಳ್ಳೋದು ತಪ್ಪಲಿ ಅಂತ."

ವೈದ್ಯರೊಡನೆ ಚರ್ಚಿಸಿ ಬರೆದುಕೊಟ್ಟ ಸಲಹೆ ಹೀಗಿದೆ. ಕ್ಲೋಮಿಫೀನ್ ಇನ್ನು ಬೇಡ, ಮುಟ್ಟು ಸರಿಯಾಗಿರುವಾಗ ಅದರ ಅಗತ್ಯ ಕಾಣುವುದಿಲ್ಲ. ನೀರುಗುಳ್ಳೆ ಕರಗಿದೆಯೇ ಎಂದು ಮತ್ತೊಮ್ಮೆ ಸ್ಕ್ಯಾನ್ ಆಗಬೇಕು, ಅದು ಖಚಿತವಾದ ಮೇಲೆ ಪ್ರಯತ್ನ ಮುಂದುವರಿಸಬೇಕು. ಫೋಲಿಕ್ ಆಮ್ಲದ 400 ಮೈಕ್ರೊಗ್ರಾಂ ಮಾತ್ರೆಯನ್ನು ಗರ್ಭ ನಿಲ್ಲುವ ಮೊದಲಿನಿಂದಲೇ ದಿನವೂ ತೆಗೆದುಕೊಳ್ಳಬೇಕು. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಪರೀಕ್ಷೆಗಳು ಸುಮಾ ಅವರಿಗೆ, ವೀರ್ಯ ಪರೀಕ್ಷೆ ಗಂಡನಿಗೆ. 35 ದಾಟಿದವರು ಒಂದು ವರ್ಷ ಕಾಯಬಾರದು, ಆರು ತಿಂಗಳಲ್ಲಿ ಗರ್ಭ ನಿಲ್ಲದಿದ್ದರೆ ಇಬ್ಬರೂ ಒಟ್ಟಿಗೆ ಬರಬೇಕು. ಅದಕ್ಕೂ ಮೊದಲೇ ಮುಟ್ಟು ನಿಂತರೆ 7ನೇ ವಾರದ ಸುಮಾರಿಗೆ ಸ್ಕ್ಯಾನಿಗೆ ಬರಬೇಕು, ಎರಡು ತಿಂಗಳು ನುಂಗಿದ ಮಾತ್ರೆಯ ವಿಷಯವನ್ನು ನೋಡುವ ವೈದ್ಯರು ಯಾರೇ ಆಗಿರಲಿ ಮುಚ್ಚಿಡದೆ ಹೇಳಬೇಕು ಎಂದು ಚೀಟಿಯ ಕೊನೆಯಲ್ಲಿ ಅಡಿಗೆರೆ ಹಾಕಿ ಬರೆದಿದ್ದೇನೆ.