ಅಳಿಯನ ಎರಡು ರೈಫಲ್

ಪ್ರಶ್ನೆ: ನಾನು ನಿವೃತ್ತ ಹವಾಲ್ದಾರ್. ಮಗಳು, ಅಳಿಯ ನ್ಯೂಜಿಲೆಂಡಿನ ಸೌತ್ ಐಲ್ಯಾಂಡಿನಲ್ಲಿದ್ದಾರೆ. ಏಪ್ರಿಲ್‌ನಲ್ಲಿ ಬಂದರೆ ಕೆಂಪು ಜಿಂಕೆ ಬೇಟೆಗೆ ಕರೆದೊಯ್ಯುತ್ತೇನೆ ಅಂತಾನೆ ಅಳಿಯ. ಅವನ ಹತ್ತಿರ .308, .300 ವಿನ್ ಮ್ಯಾಗ್ (ಮ್ಯಾಗ್ನಂ) ಎರಡೂ ರೈಫಲ್ ಇವೆ. 400 ಗಜದಿಂದ ಹೊಡೆಯಬೇಕಾಗಬಹುದಂತೆ. ಯಾವುದು ಹಿಡಿಯಲಿ?
– ಒಬ್ಬ ಓದುಗರು, ಪೊನ್ನಂಪೇಟೆ

ಉತ್ತರ: .308 ಹಿಡಿಯಿರಿ, ಹವಾಲ್ದಾರ್ರೇ. ಸರ್ವಿಸ್‌ನಲ್ಲಿ ಎಸ್‌ಎಲ್‌ಆರ್ ರೈಫಲ್ ಹೊತ್ತಿದ್ದರೆ ಅದು ನಿಮಗೆ ಹೊಸದಲ್ಲ. 1952ರಲ್ಲಿ ಬಂದ .308, ಆ ರೈಫಲಿನ 7.62 ತೋಟಾದ ಅಣ್ಣ. ಕೆಂಪು ಜಿಂಕೆಯ ಗಂಡು ನಮ್ಮ ಕಡವೆಯಂಥ ದೊಡ್ಡ ಪ್ರಾಣಿ, ಆದರೂ ಅದಕ್ಕೆ ಈ ತೋಟಾ ಧಾರಾಳ ಸಾಕು.

ಮ್ಯಾಗ್ನಂ ದೂರಕ್ಕೆ ಒಳ್ಳೆಯದು, ನಿಜ. 200 ಗಜಕ್ಕೆ ಗುರಿ ಸರಿಮಾಡಿದ .308ರ ಗುಂಡು 400 ಗಜದಲ್ಲಿ ಸುಮಾರು ಎರಡು ಅಡಿ ಕೆಳಗಿಳಿದರೆ, .300ರದ್ದು ಒಂದೂವರೆ ಅಡಿ. ಈ ಅರ್ಧ ಅಡಿಗೆ ಭುಜ ಕೊಡುವ ಬೆಲೆ ಮಾತ್ರ ಜಾಸ್ತಿ. ಒದೆತ ಹೆಚ್ಚೂಕಮ್ಮಿ ಒಂದೂವರೆ ಪಟ್ಟು. ನಾನೂ ಒಮ್ಮೆ ಆಸೆಪಟ್ಟು ವಿದೇಶದ ರೇಂಜಿನಲ್ಲಿ .300 ಎತ್ತಿದ್ದೆ. ಕಣ್ಣು ಸ್ಕೋಪಿಗೆ ತೀರಾ ಹತ್ತಿರ ಇಟ್ಟಿದ್ದೆ. ಮೊದಲ ಈಡಿಗೇ ಹುಬ್ಬು ಸೀಳಿ ಮೂರು ಹೊಲಿಗೆ! ಅದಾದ ಮೇಲೆ ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚಿಹೋಗುತ್ತಿತ್ತು. ಆ ಚಾಳಿ ಬಿಡಿಸಲು ಸಣ್ಣ .22 ರೈಫಲ್ ಹಿಡಿದು ಮತ್ತೆ ಮೊದಲಿಂದ ಕಲಿತೆ.

ನನಗೆ ಯೋಚನೆ ಇರುವುದು ನಿಮ್ಮ ಕಣ್ಣಿನದ್ದು. ನಾವು ಕಾಫಿ ತೋಟದ ಜನ. ಸಿಲ್ವರ್ ಮರಗಳ ನಡುವೆ 50 ಗಜ ಕಂಡರೆ ಹೆಚ್ಚು. ಕೈಲ್ ಪೊಳ್ದ್ ಹಬ್ಬದಲ್ಲಿ ಗುಂಡಿಟ್ಟು ತೆಂಗಿನಕಾಯಿ ಒಡೆದವರಿಗೂ ಕಣಿವೆಯಾಚೆ ನಿಂತ ಜಿಂಕೆ ಎಷ್ಟು ದೂರ ಅಂತ ಅಂದಾಜು ಸಿಗುವುದಿಲ್ಲ. 300 ಅಂದುಕೊಂಡದ್ದು 400 ಆಗಿದ್ದರೆ ಗುಂಡು ಹೊಟ್ಟೆಗೋ ಕಾಲಿಗೋ ಬೀಳುತ್ತದೆ, ಪಾಪದ ಪ್ರಾಣಿ ನರಳಿ ಎಲ್ಲೋ ಸಾಯುತ್ತದೆ. ದೂರ ಅಳೆಯುವ ರೇಂಜ್‌ಫೈಂಡರ್ ಅಳಿಯನ ಹತ್ತಿರ ಇರುತ್ತದೆ, ಕೇಳಿ. ಗಾಳಿ ಇನ್ನೂ ಕಷ್ಟ. ಗಂಟೆಗೆ 16 ಕಿಲೋಮೀಟರ್ ಅಡ್ಡಗಾಳಿ ಸಾಕು, .308ರ ಗುಂಡು 400 ಗಜದಲ್ಲಿ ಒಂದಡಿ ಪಕ್ಕಕ್ಕೆ ಸರಿಯುತ್ತದೆ. ಮ್ಯಾಗ್ನಂ ಹಿಡಿದರೂ ಇದರಲ್ಲಿ ಕಮ್ಮಿಯಾಗುವುದು ಕೆಲವೇ ಇಂಚು. ಕಡಿದಾದ ಇಳಿಜಾರಿನಲ್ಲಿ ಕೆಳಕ್ಕೆ ಹೊಡೆದರೆ ಗುಂಡು ಗುರಿಗಿಂತ ಮೇಲೆ ಬೀಳುತ್ತದೆ, ಅದೂ ನೆನಪಿರಲಿ.

ಅಲ್ಲಿಗೆ ತಲುಪಿದ ವಾರದಲ್ಲೇ ಒಂದು ಊಟದ ತಟ್ಟೆ ನಿಲ್ಲಿಸಿ. ಬ್ಯಾಗಿನ ಮೇಲೆ ರೈಫಲ್ ಊರಿ, ಮೂರಕ್ಕೆ ಮೂರೂ ಗುಂಡು ಯಾವ ದೂರದವರೆಗೆ ತಟ್ಟೆಗೆ ಬೀಳುತ್ತವೋ ಅಷ್ಟೇ ನಿಮ್ಮ ದೂರ. 250 ಗಜ ಬಂದರೆ 250. ಮಿಕ್ಕಿದ್ದನ್ನು ನಡೆದು ಹತ್ತಿರ ಹೋಗಿ, ಮಂಡಿ ಗಟ್ಟಿ ಇದೆ ತಾನೇ?

ನೀವು ಹೊಡೆಯುವಾಗ ಲೈಸನ್ಸ್ ಇರುವ ಅಳಿಯ ಪಕ್ಕದಲ್ಲೇ ಇರಬೇಕು. ಅಲ್ಲಿ ಆ ಜಿಂಕೆ ಹೊರಗಿಂದ ತಂದು ಬಿಟ್ಟದ್ದು, ಕಾಡು ತಿಂದು ಹಾಕುತ್ತದೆ, ಹಾಗಾಗಿ ಬೇಟೆಗೆ ಅಡ್ಡಿಯಿಲ್ಲ. ಇಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಮರಳಿ ಬಂದ ಹುರುಪಿನಲ್ಲಿ ಕಡವೆ, ಕಾಡುಕುರಿ ಕಡೆ ಕೋವಿ ತಿರುಗಿಸಬೇಡಿ.

ಮಾಂಸಕ್ಕೆ ಹಾಕುವ ನಮ್ಮ ಕೊಡಗಿನ ಹುಳಿ, ಕಾಚಂಪುಳಿ ಒಯ್ಯುತ್ತೀರಲ್ವಾ? ಪ್ರಯಾಣಿಕರ ಘೋಷಣೆಯಲ್ಲಿ ಅದನ್ನು ಬರೆದು, ಅಲ್ಲಿನ ಏರ್‌ಪೋರ್ಟ್‌ನಲ್ಲಿ ಬಾಟಲಿ ತೋರಿಸಿಯೇ ಒಳಗೆ ಹೋಗಿ.